88ರ ಅವ್ವ ಊಟ ಬಿಟ್ಟಿದ್ದಾರೆ. ಇದು ವಯಸ್ಸಾ, ಕಾಯಿಲೆಯಾ?

ಸಿಂಧನೂರು ಸೊಸೆ

ನಮ್ಮ ಮನೆಯವರ ಅಜ್ಜಿಗೆ ಈಗ 88. ಮನೆಗೂ ಊರಿಗೂ ಅವರು ಅವ್ವನೇ. ಸಿಂಧನೂರು ತಾಲೂಕಿನ ಹಳ್ಳಿ ಮನೆ, ತುಂಬಿದ ಮನೆ. ಹೋದ ವರ್ಷದ ತನಕ ಜೋಳ ಹಸನು ಮಾಡೋ ಕೆಲಸ ಅವರು ಯಾರಿಗೂ ಬಿಡುತ್ತಿರಲಿಲ್ಲ. ನಾನು ಹಸನು ಮಾಡಿದ್ದನ್ನೇ ಮತ್ತೆ ಮೊರಕ್ಕೆ ಹಾಕಿ ಕೇರಿ, ನಾಲ್ಕು ಹರಳು ಆರಿಸಿ ನನ್ನ ಮುಂದೆ ಸಾಲಾಗಿ ಇಡುತ್ತಿದ್ದರು. ಮಾತಿಲ್ಲ, ಬರೀ ಹರಳು.

ದಸರಾ ಹೊತ್ತಿಗೆ ಅವರ ದೊಡ್ಡ ಮಗ ತೀರಿಕೊಂಡರು. ಅವತ್ತು ಅವ್ವ ಅಳಲೇ ಇಲ್ಲ. ಆಮೇಲೆ ಒಂದೊಂದೇ ಬಿಡುತ್ತಾ ಬಂದರು. ಮೊದಲು ಕಟ್ಟೆ ಮೇಲೆ ಕೂರೋದು, ಆಮೇಲೆ ಮೊರ, ಈಗ ಊಟ. ರೊಟ್ಟಿ ಹಾಲಲ್ಲಿ ನೆನೆಸಿ ಕೊಟ್ಟರೆ ಎರಡು ತುತ್ತಿಗೆ ತಟ್ಟೆ ಸರಿಸುತ್ತಾರೆ. ಹೋದ ಸಂಕ್ರಾಂತಿಗೆ ಹೊಲಿಸಿದ ಕುಪ್ಪಸ ಭುಜದಿಂದ ಜಾರುತ್ತಿದೆ. ಬೆಳಗಿನ ಜಾವ ಮೂರಕ್ಕೇ ಎದ್ದು ಕತ್ತಲಲ್ಲಿ ಕೂತಿರುತ್ತಾರೆ. ಕೇಳಿದರೆ ಎದೆ ಉರಿ, ಕಾಲು ಸೆಳೆತ ಅಂತಾರೆ. ಇಲ್ಲಾಂದ್ರೆ, "ನನಗ ಏನೂ ಬ್ಯಾಡವ್ವ, ಶಿವ ಯಾಕ ಮರ್ತಾನೋ."

ಊರಿನ ಡಾಕ್ಟರು ಒಂದು ಗ್ಲೂಕೋಸ್ ಏರಿಸಿ ಶಕ್ತಿ ಮಾತ್ರೆ ಬರೆದುಕೊಟ್ಟರು. ಮನೆಯಲ್ಲಿ ಎಲ್ಲರೂ "ವಯಸ್ಸಾಯ್ತು, ಇದ್ದದ್ದೇ" ಅಂತಾರೆ. ಮನಸ್ಸಿನ ಡಾಕ್ಟರಿಗೆ ತೋರಿಸೋಣ ಅಂದಿದ್ದಕ್ಕೆ ನಮ್ಮ ಮಾವನವರು, "ಈ ವಯಸ್ಸಿಗೆ ಹುಚ್ಚಾಸ್ಪತ್ರೆ ಹತ್ತಿಸ್ತಿ ಏನು?" ಅಂದರು. ಇಲ್ಲಿ ಯಾರಿಗಾದರೂ ಹೀಗೆ ಆಗಿದೆಯಾ?

ಮಸ್ಕಿ ಮಾಸ್ತರ್

ತಂಗೀ, ಬೇಸರ ಮಾಡ್ಕೋಬೇಡ, ನೇರವಾಗಿ ಹೇಳ್ತೀನಿ. 88 ಅಂದ್ರೆ ತುಂಬಿದ ಜೀವ. ಹೊಟ್ಟೆಯಲ್ಲಿ ಹುಟ್ಟಿದ ಮಗ ಕಣ್ಣ ಮುಂದೆ ಹೋದ ಮೇಲೆ ಯಾವ ತಾಯಿಗೆ ಅನ್ನ ಸೇರುತ್ತೆ? ಕೊನೆಗಾಲದಲ್ಲಿ ಹಿರಿಯರು ಊಟ ಕಡಿಮೆ ಮಾಡೋದು ನಾವು ಕಾಣದ್ದೇನಲ್ಲ. ಅದಕ್ಕೊಂದು ಹೆಸರಿಟ್ಟು, ಮಾತ್ರೆ ನುಂಗಿಸಿ, ರಾಯಚೂರು ಬಿಸಿಲಲ್ಲಿ ಬಸ್ ಹತ್ತಿಸಿ ಅಲೆದಾಡಿಸಬೇಕಾ? ಹತ್ತಿರ ಕೂತು ಎರಡು ಮಾತಾಡಿ. ಸಾಕು.

ಕೊಪ್ಪಳ ನರ್ಸಕ್ಕ

ಮಾಸ್ತರ್, ಹತ್ತಿರ ಕೂತು ಮಾತಾಡಿ ಅಂದ್ರಲ್ಲ, ಅದು ಒಪ್ಪಿದೆ. ಉಳಿದಿದ್ದು ಒಪ್ಪಲ್ಲ.

ಮಗ ಹೋದ ದುಃಖ ಬೇರೆ. ದುಃಖದಲ್ಲಿ ಇರೋರು ಮಗನ ಮಾತು ಬಂದಾಗ ಅಳುತ್ತಾರೆ, ಸ್ವಲ್ಪ ಹೊತ್ತಿಗೆ ಮರಿಮಗು ತೊಡೆ ಏರಿದರೆ ನಗುತ್ತಾರೆ ಕೂಡ. ಬಂದು ಹೋಗಿ ಮಾಡುತ್ತೆ. ಖಿನ್ನತೆಯಲ್ಲಿ ಆ ನಗು ಬರೋದೇ ಇಲ್ಲ. ಎರಡು ವಾರಕ್ಕಿಂತ ಜಾಸ್ತಿ, ದಿನದ ಬಹಳ ಹೊತ್ತು ಹೀಗೇ ಇದ್ದು, ಊಟ, ನಿದ್ದೆ, ಆಸಕ್ತಿ ಮೂರೂ ಹೋಗಿದ್ದರೆ ವಯಸ್ಸು ಅಂತ ಸುಮ್ನೆ ಕೂರಬಾರದು. ಇಲ್ಲಿ ತಿಂಗಳುಗಟ್ಟಲೆ ಆಗಿದೆ.

ಇನ್ನೊಂದು ವಿಷಯ. 80 ದಾಟಿದವರು "ನನಗೆ ದುಃಖ ಆಗ್ತಿದೆ" ಅಂತ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ. "ಹೊಟ್ಯಾಗ ಬೆಂಕಿ ಇಟ್ಟಂಗ ಆಗತೈತಿ", "ಮೈಯಾಗ ಜೀವಾನೇ ಇಲ್ಲ", "ಬಾಯಿ ಸಪ್ಪಗ". ಬರೋದು ಇದೇ ಮಾತು. ಕೆಲವರು ಮಂಕಾಗಲ್ಲ, ಸಿಡುಕಾಗುತ್ತಾರೆ. ಸೊಸೆ ಮೇಲೆ, ಸಾರಿನ ಉಪ್ಪಿನ ಮೇಲೆ ಜಗಳ. ಮನೆಯವರು ಹೊಟ್ಟೆಗೆ ಮಾತ್ರೆ, ಸೊಂಟಕ್ಕೆ ಇಂಜೆಕ್ಷನ್ ಅಂತ ಓಡಾಡುತ್ತಲೇ ಇರುತ್ತಾರೆ.

ಖಿನ್ನತೆ ಇದೆಯಾ ಅಂತ ನೋಡೋಕೆ ವಯಸ್ಸಾದವರಿಗೆ ಅಂತಲೇ ಒಂದು ಪ್ರಶ್ನೆಪಟ್ಟಿ ಇದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಮಾಡಿದ್ದು. ಮೊದಲು 30 ಪ್ರಶ್ನೆ ಇತ್ತು, ಆಮೇಲೆ 15ಕ್ಕೆ ಇಳಿಸಿದರು. ಎಲ್ಲಕ್ಕೂ ಹೌದು ಇಲ್ಲ ಅಂದರೆ ಸಾಕು, ಓದುಬರಹ ಬೇಕಿಲ್ಲ. ಅದರಲ್ಲಿ ಹಸಿವು, ನಿದ್ದೆ, ಮೈನೋವು ಕೇಳೋದೇ ಇಲ್ಲ. ಅವೆಲ್ಲ ಬೇರೆ ಕಾಯಿಲೆಯಿಂದಲೂ ಬರುತ್ತವಲ್ಲ, ಅದಕ್ಕೆ. ಬದುಕು ಖಾಲಿ ಅನಿಸುತ್ತಾ, ಮಾಡುತ್ತಿದ್ದ ಕೆಲಸ ಬಿಟ್ಟಿದ್ದೀರಾ, ಹೊರಗೆ ಹೋಗೋದಕ್ಕಿಂತ ಮನೆಯಲ್ಲೇ ಇರೋಣ ಅನಿಸುತ್ತಾ, ಹೀಗೆ. ಐದಕ್ಕಿಂತ ಜಾಸ್ತಿ ಅಂಕ ಬಂದರೆ ಡಾಕ್ಟರು ಕೂತು ನೋಡಬೇಕು. ಅಂಕವೇ ಕಾಯಿಲೆ ಅಲ್ಲ, ಮತ್ತೆ.

ಸಿಂಧನೂರು ತಂಗಿ, ಅವ್ವನಿಗೆ ಕಿವಿ ಹೇಗಿದೆ? ಕಣ್ಣು?

ಸಿಂಧನೂರು ಸೊಸೆ

ಕಣ್ಣಿನ ಪೊರೆ ಆಪರೇಷನ್ ಒಂದು ಕಡೆ ಆಗಿದೆ. ಕಿವಿ ಬಹಳ ಮಂದ. ಕೂಗಿ ಹೇಳಬೇಕು. ನಿಜ ಹೇಳಬೇಕಂದ್ರೆ ಮನೆಯಲ್ಲಿ ಈಗ ಯಾರೂ ಅವರ ಜೊತೆ ಹರಟೆ ಹೊಡೆಯಲ್ಲ. "ಉಣ್ತಿ ಏನು, ಗುಳಿಗಿ ತಗೊಂಡಿ ಏನು", ಅಷ್ಟೇ ಕೂಗೋದು. ಟಿವಿ ಮುಂದೆ ಎಲ್ಲರೂ ನಕ್ಕರೆ ಅವರು ನಮ್ಮ ಮುಖ ನೋಡುತ್ತಾರೆ.

ಬಳ್ಳಾರಿ ಅಂಗಡಿ ಅಣ್ಣ

ನಂದು ಔಷಧಿ ಅಂಗಡಿ. ಒಂದೇ ಮಾತು. ಅವ್ವ ನುಂಗುತ್ತಿರೋ ಎಲ್ಲ ಮಾತ್ರೆಯ ಚೀಟಿ, ಖಾಲಿ ಪಟ್ಟಿ, ಆಯುರ್ವೇದದ್ದೂ ಸೇರಿಸಿ ಒಂದು ಚೀಲಕ್ಕೆ ಹಾಕಿ ಡಾಕ್ಟರಿಗೆ ತೋರಿಸಿ. ಈ ವಯಸ್ಸಲ್ಲಿ ಮಾತ್ರೆಯೇ ಮಂಕು ತರಿಸೋದು ಉಂಟು. ಮುಖ್ಯವಾಗಿ ನಿದ್ದೆ ಮಾತ್ರೆ. ನಮ್ಮಲ್ಲಿಗೆ ಹಳೇ ಚೀಟಿ ಹಿಡ್ಕೊಂಡು ಬಂದು "ಅಜ್ಜಗ ಅದೇ ಕೊಡ್ರಿ" ಅಂತಾರೆ. ವರ್ಷಾನುಗಟ್ಟಲೆ ನಡೆದಿರುತ್ತೆ. ಅಜ್ಜ ಹಗಲೆಲ್ಲ ತೂಕಡಿಸ್ತಾನೆ, ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳ್ತಾನೆ, ಚಪ್ಪೆ ಮುರಿಯುತ್ತೆ, ಹಾಸಿಗೆ ಹಿಡಿಯುತ್ತಾನೆ. ಆಮೇಲೆ ಖಿನ್ನತೆ ಬರದೆ ಇನ್ನೇನು ಬರುತ್ತೆ?

ಬಿಪಿಗೆ ನೀರು ಮಾತ್ರೆ (ಮೂತ್ರ ಜಾಸ್ತಿ ಮಾಡಿಸೋದು) ನುಂಗೋರಿಗೆ ಮನಸ್ಸಿನ ಮಾತ್ರೆ ಶುರು ಮಾಡಿದರೆ ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಡಾಕ್ಟರಿಗೆ ಮೊದಲೇ ಹೇಳಿ. ತಾವಾಗೇ ನಿಲ್ಲಿಸೋಕೆ ಹೋಗಬೇಡಿ.

ಓಪಿಡಿ ಹುಡುಗ

ನಾನು ಬಳ್ಳಾರಿಯಲ್ಲಿ ಮನೋವೈದ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ಅವ್ವನನ್ನು ನೋಡದೆ ಕಾಯಿಲೆ ಹೆಸರು ಹೇಳಲ್ಲ. ಆದರೆ ಸಾಮಾನ್ಯವಾಗಿ ನಾವು ಯಾವ ದಾರಿಯಲ್ಲಿ ಹೋಗುತ್ತೇವೆ ಅಂತ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ಮಾಸ್ತರ್ ಪ್ರಶ್ನೆ, ಇದು ವಯಸ್ಸಾ? 1991ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದ ಸಂಶೋಧಕರು ಒಂದು ವಿಷಯ ತೋರಿಸಿದರು. ಮೇಲ್ನೋಟಕ್ಕೆ ವಯಸ್ಸು ಏರಿದಂತೆ ಖಿನ್ನತೆ ಏರಿದ ಹಾಗೆ ಕಾಣುತ್ತೆ. ಆದರೆ ಕೈಕಾಲು ಸೋತಿರೋದು, ಬಡತನ, ಮರೆವು, ಆಸರೆ ಇಲ್ಲದಿರೋದು, ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೆ ವಯಸ್ಸಿನ ಪಾಲು ಅಂತ ಏರಿಕೆ ಉಳಿಯಲಿಲ್ಲ. ಅಂದರೆ 88 ಆಗಿದ್ದಕ್ಕೆ ಖಿನ್ನತೆ ಬರಲ್ಲ. 88ರ ಹೊತ್ತಿಗೆ ಕಿವಿ, ಕಣ್ಣು, ಮೊಣಕಾಲು, ಗಂಡ, ಮಗ, ಕೈಯಲ್ಲಿನ ಕಾಸು ಒಂದೊಂದಾಗಿ ಹೋಗಿರುತ್ತಲ್ಲ, ಅದಕ್ಕೆ ಬರುತ್ತೆ. ಇದರಲ್ಲಿ ಕೆಲವನ್ನು ವಾಪಸ್ ತರೋಕೆ ಆಗಲ್ಲ. ಕೆಲವನ್ನು ಆಗುತ್ತೆ. ನಮಗೆ ಕೆಲಸ ಇರೋದು ಅಲ್ಲೇ.

ನಮ್ಮ ದೇಶದ ದೊಡ್ಡ ಸಮೀಕ್ಷೆ 2017-18ರಲ್ಲಿ ಆಯ್ತು, 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರದ್ದು. 60 ದಾಟಿದವರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಖಿನ್ನತೆಯ ಲಕ್ಷಣ ಸಿಕ್ಕಿತು. ಡಾಕ್ಟರು ಗುರುತಿಸಿ ಹೇಳಿದ್ದು ನೂರಕ್ಕೆ ಒಬ್ಬರಿಗೂ ಇಲ್ಲ. ಉಳಿದವರೆಲ್ಲ "ವಯಸ್ಸಾಯ್ತು" ಅನ್ನೋ ಖಾತೆಯಲ್ಲಿದ್ದಾರೆ.

ಅವ್ವ ಬಂದರೆ ಏನು ನೋಡುತ್ತೇವೆ? ರಕ್ತ ಕಡಿಮೆ ಇದೆಯಾ, ಥೈರಾಯ್ಡ್ ಇಳಿದಿದೆಯಾ, ಬಿ12, ಸೋಡಿಯಂ, ಸಕ್ಕರೆ. ತೂಕ ಇಳಿದಿದೆ ಅಂದಿರಿ, ಹಾಗಾಗಿ ಹೊಟ್ಟೆಯಲ್ಲಿ ಗಡ್ಡೆ, ಟಿಬಿ ಥರದ್ದು ಇಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಬೇಕು. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟೋದೂ ತಪ್ಪೇ.

ಮರೆವಿನ ಕಾಯಿಲೆಯನ್ನೂ ಬೇರೆ ಮಾಡಬೇಕು. ಮರೆವು ಬಂದವರು ಸಾಮಾನ್ಯವಾಗಿ ಉತ್ತರ ಗೊತ್ತಿಲ್ಲದಿದ್ದರೂ ಏನೋ ಒಂದು ಹೇಳಿ ತೇಲಿಸುತ್ತಾರೆ. ಖಿನ್ನತೆಯಲ್ಲಿ ಇರೋರು "ಗೊತ್ತಿಲ್ಲ ಬಿಡಪ್ಪ" ಅಂತ ಪ್ರಯತ್ನವನ್ನೇ ಬಿಡುತ್ತಾರೆ. ಎರಡೂ ಒಟ್ಟಿಗೆ ಇರಬಹುದು. ಆದರೆ ಎರಡು ಮೂರು ದಿನದಲ್ಲಿ ದಿಢೀರನೆ ಗೊಂದಲ ಬಂದು, ಸಂಜೆ ಆದರೆ ಯಾರು ಅಂತಲೇ ಗುರುತು ಸಿಗದಿದ್ದರೆ ಅದು ಬೇರೆ. ಉರಿಮೂತ್ರದ ಸೋಂಕೋ, ಶ್ವಾಸಕೋಶದ ಸೋಂಕೋ ಇರಬಹುದು. ಅದಕ್ಕೆ ಅವತ್ತೇ ಆಸ್ಪತ್ರೆಗೆ ಓಡಬೇಕು.

ಮಾತ್ರೆ ಬೇಕಾದರೆ ಚಿಕ್ಕ ಪ್ರಮಾಣದಲ್ಲಿ ಶುರು, ನಿಧಾನವಾಗಿ ಏರಿಸೋದು. ನಾಲ್ಕರಿಂದ ಆರು ವಾರ, ವಯಸ್ಸಾದವರಿಗೆ ಇನ್ನೂ ಸ್ವಲ್ಪ ಜಾಸ್ತಿ ದಿನ ಬೇಕಾಗಬಹುದು. ಹತ್ತು ದಿನಕ್ಕೆ "ಏನೂ ಗುಣ ಇಲ್ಲ" ಅಂತ ನಿಲ್ಲಿಸೋದು ನಾವು ದಿನಾ ನೋಡೋ ಕಥೆ. ಇವು ನಿದ್ದೆ ಮಾತ್ರೆಗಳಲ್ಲ, ಚಟ ಹಿಡಿಸೋದೂ ಇಲ್ಲ. ಊಟ ನೀರು ಪೂರ್ತಿ ಬಿಟ್ಟು ಜೀವಕ್ಕೇ ಬಂದಾಗ ವಿದ್ಯುತ್ ಚಿಕಿತ್ಸೆ ಕೊಡುವುದುಂಟು. ಸಿನಿಮಾದಲ್ಲಿ ತೋರಿಸೋ ಹಾಗಲ್ಲ. ಅರಿವಳಿಕೆ ಕೊಟ್ಟು ಮಾಡುತ್ತಾರೆ. ಬಹಳ ವಯಸ್ಸಾದವರಲ್ಲೂ ಅದು ಚೆನ್ನಾಗಿ ಕೆಲಸ ಮಾಡುತ್ತೆ.

ಹುಚ್ಚಾಸ್ಪತ್ರೆ ಮಾತಿಗೆ: ಮಾವನವರಿಗೆ ಇದನ್ನು ಹೇಳಿ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯನ್ನೇ ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಹಳ್ಳಿ ತಿರುಗೋ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಯನ್ನು ಊರಲ್ಲೇ ನೋಡಬಹುದು ಅಂತ ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೇಶವೆಲ್ಲ ಅದನ್ನು ಬಳ್ಳಾರಿ ಮಾದರಿ ಅನ್ನುತ್ತೆ. ಪಕ್ಕದ ಜಿಲ್ಲೆಯ ನಾವೇ ಇನ್ನೂ ಹುಚ್ಚಾಸ್ಪತ್ರೆ ಅಂತಿದ್ದೀವಿ!

ಬೆಂಗಳೂರಲ್ಲಿ ಲಿಂಗಸುಗೂರಿನವ

ಇಲ್ಲಿ ಎಲ್ಲರೂ ಜೊತೆಗೇ ಇದ್ದಾರೆ, ಆದರೂ ಹೀಗಾಗಿದೆ. ನಮ್ಮೂರಿನ ಕಥೆ ಬೇರೆ. ಬೇಸಿಗೆ ಬಂತಂದ್ರೆ ಅರ್ಧ ಊರು ಗುಳೆ ಹೊರಡುತ್ತೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಪುಣೆ ಕಡೆ. ಮನೆಯಲ್ಲಿ ಉಳಿಯೋದು ಮುದುಕರು, ಶಾಲೆಗೆ ಹೋಗೋ ಮಕ್ಕಳು, ಎಮ್ಮೆ. 80ರ ಅಜ್ಜಿ ಮೊಮ್ಮಕ್ಕಳಿಗೆ ರೊಟ್ಟಿ ಬಡಿಯುತ್ತಾಳೆ. ಆಮೇಲೆ ಮಕ್ಕಳು ದೊಡ್ಡವರಾಗಿ ಅವರೂ ಹೊರಡುತ್ತಾರೆ. ಅಲ್ಲಿಗೆ ಅಜ್ಜಿಗೆ ಯಾಕೆ ಏಳಬೇಕು, ಯಾಕೆ ಒಲೆ ಹಚ್ಚಬೇಕು ಅನ್ನೋದೇ ಇರಲ್ಲ. ನಮ್ಮ ಆಯಿ ಫೋನಲ್ಲಿ "ಆರಾಮ ಅದೀನಪಾ" ಬಿಟ್ಟು ಬೇರೆ ಏನೂ ಹೇಳಲ್ಲ. ವಿಡಿಯೋ ಕಾಲ್ ಮಾಡಿಸಿದರೆ ನಮಗೆ ಹಣೆ ಮತ್ತು ತೊಲೆ ಮಾತ್ರ ಕಾಣೋದು.

ಒಬ್ಬರೇ ಇರೋದು ಜಾಸ್ತಿ ಅಪಾಯವಾ, ಜನರ ನಡುವೆ ಇದ್ದೂ ಒಂಟಿ ಅನಿಸೋದಾ?

ಓಪಿಡಿ ಹುಡುಗ

ಅಣ್ಣ, ಎರಡೂ ಒಂದೇ ಅಲ್ಲ. ನೆದರ್ಲೆಂಡ್ಸಿನ ಲೈಡನ್ ಊರಿನಲ್ಲಿ 85 ತುಂಬಿದವರನ್ನು ಹಿಡಿದು ವರ್ಷಗಟ್ಟಲೆ ನೋಡಿದ ಅಧ್ಯಯನ ಇದೆ. 2005ರಲ್ಲಿ ಬಂದ ಫಲಿತಾಂಶ ನನಗೆ ಮರೆಯೋಕೆ ಆಗಲ್ಲ. ಖಿನ್ನತೆ ಒಂದೇ ಇದ್ದವರಲ್ಲಿ ಸಾವಿನ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಒಂಟಿ ಅನ್ನೋ ಭಾವನೆ ಒಂದೇ ಇದ್ದವರಲ್ಲೂ ಇಲ್ಲ. ಎರಡೂ ಸೇರಿದವರಲ್ಲಿ ಸುಮಾರು ಎರಡು ಪಟ್ಟು. ಅಲ್ಲಿ ಕೇಳಿದ್ದು ಒಂಟಿ ಅನಿಸುತ್ತಾ ಅಂತ. ಮನೆಯಲ್ಲಿ ಎಷ್ಟು ಜನ ಅನ್ನೋದರಿಂದ ಅದು ಗೊತ್ತಾಗಲ್ಲ. ಸಿಂಧನೂರು ಅಕ್ಕ ಬರೆದ ಟಿವಿ ಮಾತು ಓದಿದಾಗ ನೆನಪಾಗಿದ್ದು ಇದೇ.

ಮಸ್ಕಿ ಮಾಸ್ತರ್

ಓದಿದೆ. ಲೆಕ್ಕ, ಅಧ್ಯಯನ ಎಲ್ಲಾ ಸರಿ. ನನ್ನದೊಂದು ಪ್ರಶ್ನೆ ಇನ್ನೂ ಹಾಗೇ ಇದೆ. ನನಗೂ 79. "ಸಾಕಪ್ಪ" ಅಂತ ನಾನೂ ಅಂತೀನಿ. ಬೆಳಿಗ್ಗೆ ಪೇಪರ್ ಓದ್ತೀನಿ, ಸಂಜೆ ಗುಡಿ ಕಟ್ಟೆಗೆ ಹೋಗ್ತೀನಿ, ಮಂಡಕ್ಕಿ ಒಗ್ಗರಣೆ ಜೊತೆ ಮಿರ್ಚಿ ಬಿಡಲ್ಲ. ಸಾವಿನ ಮಾತಾಡಿದವರನ್ನೆಲ್ಲ ರೋಗಿ ಮಾಡಿಬಿಟ್ಟರೆ ಹೇಗೆ? ನಮ್ಮ ಕಡೆ ಮುದುಕರು ಶಿವನನ್ನು ಕರೆಯೋದು ಮಾತಿನ ರೂಢಿ. ಅದಕ್ಕೂ ಅಂಕ ಹಾಕ್ತೀರಾ?

ಕೊಪ್ಪಳ ನರ್ಸಕ್ಕ

ಮಿರ್ಚಿ ಬಿಡದವರಿಗೆ ಅಂಕ ಹಾಕಲ್ಲ ಮಾಸ್ತರ್!

ನೀವು ಕೇಳಿದ್ದು ಸರಿಯಾಗೇ ಇದೆ. "ತುಂಬು ಬಾಳು ಬಾಳಿದೆ, ಕರೆದರೆ ಹೋಗ್ತೀನಿ" ಅನ್ನೋದು ಕಾಯಿಲೆ ಅಲ್ಲ. ಹಾಗಂದವರು ಹಬ್ಬಕ್ಕೆ ಹೋಳಿಗೆ ಎಷ್ಟು ಮಾಡಬೇಕು ಅಂತಲೂ ಹೇಳುತ್ತಾರೆ. "ನಾನು ಎಲ್ಲರಿಗೂ ಭಾರ, ಇದ್ದು ಏನು ಮಾಡಲಿ" ಅಂತ ದಿನಾ ಅಂದು, ಗವಿಮಠದ ಜಾತ್ರೆಗೂ ಬೇಡ, ಮರಿಮಗಳ ತೊಟ್ಟಿಲಿಗೂ ಬೇಡ ಅಂದರೆ ಅದು ಬೇರೆ. ಮಾತು ಒಂದೇ ಥರ ಕೇಳಿಸುತ್ತೆ, ಜೊತೆಗೆ ಏನೇನು ಬಿಟ್ಟಿದ್ದಾರೆ ಅನ್ನೋದನ್ನು ನೋಡಬೇಕು.

ಆಡು ಮಾತಲ್ಲಿ ಸಾವು ಬಂದರೆ ಗಾಬರಿ ಆಗಬೇಡಿ, ಆದರೆ ಕೇಳದೆ ಬಿಡಲೂ ಬೇಡಿ. "ಅವ್ವ, ಸಾಯಬೇಕು ಅನಿಸುತ್ತಾ, ಏನಾದರೂ ಮಾಡಿಕೊಳ್ಳಬೇಕು ಅನಿಸುತ್ತಾ?" ಅಂತ ನೇರ ಕೇಳಬಹುದು. ಕೇಳಿದರೆ ಆ ಯೋಚನೆ ತಲೆಗೆ ತುಂಬಿದ ಹಾಗೆ ಆಗಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ.

ಹತ್ತಿ ಹೊಲ

ಇದಕ್ಕೆ ಒಂದು ಸೇರಿಸಲಾ? ನಮ್ಮ ಕಡೆ ಹತ್ತಿಗೆ, ಭತ್ತಕ್ಕೆ ಹೊಡೆಯೋ ಎಣ್ಣೆ, ಅಂದ್ರೆ ಕೀಟನಾಶಕ, ಮನೆಯ ಮೂಲೆಯಲ್ಲೇ ಇಟ್ಟಿರ್ತೀವಿ. ಹಿರಿಯರು ಮಂಕಾಗಿರೋ ಮನೆಯಲ್ಲಿ ಅದು ಇರಬಾರದು. ಹೊಲದ ಶೆಡ್ಡಿಗೆ ಸಾಗಿಸಿ ಬೀಗ ಹಾಕಿ. ರಾಶಿ ಮಾತ್ರೆನೂ ಹಾಗೇ, ಒಂದು ದಿನದ್ದು ಮಾತ್ರ ಕೈಗೆ ಕೊಡಿ.

ಕಂಪ್ಲಿ ಅತ್ತೆ

ಎಲ್ಲಾ ಓದಿದೆ. ರೊಕ್ಕದ ವಿಷಯ ಯಾರೂ ಬರೆದಿಲ್ಲ, ನಾನು ಬರೀತೀನಿ.

ನಮ್ಮ ಯಜಮಾನರಿಗೆ 83. ಲಕ್ವಾ ಹೊಡೆದು ಬಲಗೈ ಹೋಯ್ತು. ಲಕ್ವಾ ಆದವರಿಗೆ ಖಿನ್ನತೆ ಜಾಸ್ತಿ ಅಂತ ಆಗ ಡಾಕ್ಟರು ಹೇಳಿದ್ದರು. ಬಂತು ಕೂಡ. ಮಾತ್ರೆ ಕೊಟ್ಟರು, ಸ್ವಲ್ಪ ನಿದ್ದೆ ಊಟ ಸುಧಾರಿಸಿತು. ಆದರೆ ಮುಖದ ಮೇಲೆ ಕಳೆ ಬಂದಿದ್ದು ಬೇರೆಯದಕ್ಕೆ. ಅವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1200 ರೂಪಾಯಿ ಬರುತ್ತೆ. ಖಾತೆಗೆ ಬೀಳುತ್ತೆ, ಮಗ ತೆಗೆದು ಮನೆ ಖರ್ಚಿಗೆ ಸೇರಿಸುತ್ತಿದ್ದ. ತಪ್ಪೇನಿಲ್ಲ, ಅವರ ಔಷಧಿಗೇ ಹೋಗೋದು. ಒಮ್ಮೆ ನರ್ಸಮ್ಮ ಬಂದಾಗ, "ಅದನ್ನ ಅಜ್ಜನ ಕೈಗೇ ಕೊಟ್ಟು ನೋಡ್ರಿ" ಅಂದಳು. ಕೊಟ್ಟೆವು. ಎಡಗೈಯಲ್ಲಿ ನೋಟು ಎಣಿಸೋಕೆ ಎಷ್ಟು ಹೊತ್ತು ಹಿಡಿಯಿತು ಅಂತೀರಿ. ಎಣಿಸಿ, ದಿಂಬಿನ ಕೆಳಗೆ ಇಟ್ಟು, ಒಂದು ನೂರು ತೆಗೆದು ಮೊಮ್ಮಗಳನ್ನು ಕರೆದು "ಐಸ್‌ಕ್ರೀಮ್ ತಗೋ" ಅಂದರು. ಈಗ ಒಂದನೇ ತಾರೀಖು ಹತ್ತಿರ ಬಂತಂದ್ರೆ "ಬಂತೇನು, ಬಂತೇನು" ಅಂತ ಜೀವ ತಿನ್ನುತ್ತಾರೆ. ತಿನ್ನಲಿ.

ಇನ್ನೊಂದು ಮಾತು. ನೋಡ್ಕೊಳ್ಳೋರಿಗೂ ಇದು ಅಂಟುತ್ತೆ. ನನಗೆ 76. ರಾತ್ರಿ ಮೂರು ಸಲ ಎಬ್ಬಿಸುತ್ತಾರೆ. ನನಗೆ ಹೇಗಿದೆ ಅಂತ ಯಾರೂ ಕೇಳಲ್ಲ. ಸಿಂಧನೂರು ಸೊಸೆ, ನೀನು ಊಟ ಮಾಡ್ತಿದ್ದೀಯಾ?

ಸಿಂಧನೂರು ಸೊಸೆ

ಅತ್ತೇರೇ, ನಿಮ್ಮ ಪ್ರಶ್ನೆ ಓದಿ ಕಣ್ಣು ತುಂಬಿ ಬಂತು. ಮಾಡ್ತಿದ್ದೀನಿ.

ನರ್ಸಕ್ಕ ಹೇಳಿದ ಹಾಗೆ ಬೆಳಿಗ್ಗೆ ಎಲ್ಲರೂ ಹೊಲಕ್ಕೆ ಹೋದ ಮೇಲೆ ಸ್ವಲ್ಪ ಕೇಳಿಸೋ ಎಡಗಿವಿಯ ಹತ್ತಿರ ಕೂತು ಮಾತಾಡಿದೆ. ಕೂಗಲಿಲ್ಲ, ನಿಧಾನವಾಗಿ ಹೇಳಿದೆ. "ಮೊರ ಯಾಕ ಬಿಟ್ರಿ ಅವ್ವ?" ಅಂದೆ. "ಕಣ್ಣಿಗೆ ಹರಳು ಕಾಣವಲ್ಲವು. ನೀನು ಮತ್ತ ಹಸನು ಮಾಡೋದು ನಾ ನೋಡೀನಿ" ಅಂದರು. ನಾನು ಅವರ ಹಿಂದೆ ಕೂತು ಅವರು ಕೇರಿದ್ದನ್ನು ಇನ್ನೊಮ್ಮೆ ಕೇರುತ್ತಿದ್ದೆ, ಅದು ಅವರಿಗೆ ಗೊತ್ತಿತ್ತು. ಆಮೇಲೆ ಮಗನ ಹೆಸರು ಹೇಳಿದರು. ದಸರಾ ಆದ ಮೇಲೆ ಮೊದಲ ಸಲ. ಏನಾದರೂ ಮಾಡಿಕೊಳ್ಳೋ ಯೋಚನೆ ಇದೆಯಾ ಅಂತಲೂ ಕೇಳಿದೆ. "ಇಲ್ಲವ್ವ, ಅಷ್ಟು ಶಕ್ತಿ ಎಲ್ಲೈತಿ" ಅಂದರು. ಎಣ್ಣೆ ಡಬ್ಬ ಅವತ್ತೇ ಹೊಲಕ್ಕೆ ಕಳಿಸಿದೆ.

ಮಾವನವರಿಗೆ "ರಕ್ತ ಪರೀಕ್ಷೆ, ಕಿವಿ ಪರೀಕ್ಷೆ" ಅಂತ ಹೇಳಿ ಒಪ್ಪಿಸಿದ್ದೀನಿ. ಎಲ್ಲಿಗೆ ಹೋದರೆ ಒಳ್ಳೇದು? ರಾಯಚೂರು ದೂರ ಆಗುತ್ತೆ.

ಓಪಿಡಿ ಹುಡುಗ

ಮೊದಲು ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ ಅಕ್ಕ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. ಯಾವ ಮಂಗಳವಾರ ಅಂತ ಕೇಳಿಕೊಂಡೇ ಹೊರಡಿ. ಪರೀಕ್ಷೆ ಜಾಸ್ತಿ ಬೇಕು ಅಂದರೆ ರಾಯಚೂರಿನ ರಿಮ್ಸ್, ಇಲ್ಲವೇ ಜನ ಇನ್ನೂ ವಿಮ್ಸ್ ಅನ್ನುವ ನಮ್ಮ ಬಳ್ಳಾರಿ ಮೆಡಿಕಲ್ ಕಾಲೇಜು. ಅದಕ್ಕೂ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ 14416, ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ. ಕಂಪ್ಲಿ ಅತ್ತೇರೇ, ಇದು ನಿಮಗೂ. ಹಿರಿಯರಿಗೆ ಅಂತ 14567 ಬೇರೆ ಇದೆ, ಪಿಂಚಣಿ, ಮನೆಯವರ ಕಿರುಕುಳ ಥರದ ವಿಷಯಕ್ಕೆ.

ಡಾಕ್ಟರ್ ಬಿಟ್ಟು ಬೇರೆಯವರಿಂದ ಏನೂ ಆಗಲ್ಲ ಅಂತ ತಿಳೀಬೇಡಿ. ಗೋವಾದಲ್ಲಿ ಮಾಡಿದ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯ್ತು. ಸಾಧಾರಣ ಜನರಿಗೆ ತರಬೇತಿ ಕೊಟ್ಟು, 60 ದಾಟಿದ, ಸ್ವಲ್ಪ ಮಂಕಾಗಿದ್ದ ಹಿರಿಯರ ಹತ್ತಿರ ಕಳಿಸಿದರು. ಸಮಸ್ಯೆ ಬಿಡಿಸಿಕೊಳ್ಳೋದು, ನಿದ್ದೆಯ ಅಭ್ಯಾಸ, ಸರ್ಕಾರಿ ಸವಲತ್ತು ಸಿಗೋ ಹಾಗೆ ಮಾಡೋದು, ಇಂಥವು. ವರ್ಷದಲ್ಲಿ ಈ ನೆರವು ಸಿಗದವರಲ್ಲಿ ನೂರಕ್ಕೆ ಸುಮಾರು 14 ಜನ ಪೂರ್ತಿ ಖಿನ್ನತೆಗೆ ಜಾರಿದರು, ಸಿಕ್ಕವರಲ್ಲಿ ಸುಮಾರು 4. ಅಲ್ಲಿದ್ದದ್ದು 181 ಜನ, ಸಣ್ಣ ಪ್ರಯೋಗ. ಆದರೂ.

ಕೊಪ್ಪಳ ನರ್ಸಕ್ಕ

ಹೋಗುವಾಗ ಮಾತ್ರೆ ಚೀಲ, ಕನ್ನಡಕ, ಆಧಾರ್, ರೇಷನ್ ಕಾರ್ಡ್ ತಗೊಂಡು ಹೋಗಿ. ಬಿಸಿಲೇರೋ ಮುಂಚೆ ಹೊರಡಿ. ಅವ್ವನ ಮುಂದೆ ಡಾಕ್ಟರಿಗೆ "ಇವರು ಉಣ್ಣಲ್ಲ, ಹಟ ಮಾಡ್ತಾರೆ" ಅಂತ ನೀವೇ ಎಲ್ಲ ಒದರಬೇಡಿ. ಅವರನ್ನೇ ಮಾತಾಡಿಸೋಕೆ ಹೇಳಿ. ಇನ್ನೊಂದು ಕಣ್ಣಿನ ಪೊರೆಯನ್ನೂ ತೋರಿಸಿ, ಹರಳು ಕಾಣಲಿ. ಕಿವಿ ಮಷಿನ್ನು ಹೊರಗೆ ಕೊಂಡರೆ ದುಬಾರಿ. ಬಿಪಿಎಲ್ ಹಿರಿಯರಿಗೆ ಕೇಂದ್ರದ ವಯೋಶ್ರೀ ಯೋಜನೆ ಇದೆ, 2017ರಿಂದ. ಕಿವಿ ಮಷಿನ್ನು, ಕನ್ನಡಕ, ಊರುಗೋಲು, ಹಲ್ಲಿನ ಸೆಟ್ಟು ಕೊಡುತ್ತಾರೆ. ಕ್ಯಾಂಪ್ ಯಾವಾಗ ಅಂತ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ಕೇಳಿ.

ಮಸ್ಕಿ ಮಾಸ್ತರ್

ಆ ಕಿವಿ ಮಷಿನ್ನು ನಿವೃತ್ತ ಶಿಕ್ಷಕರಿಗೂ ಕೊಡ್ತಾರಾ? ನನಗೂ ಬಲಗಿವಿ ಸ್ವಲ್ಪ ದಿನದಿಂದ ಮುಚ್ಚಿದ ಹಾಗಿದೆ.

ಕೊಪ್ಪಳ ನರ್ಸಕ್ಕ

ನಿಮಗೆ ಪೆನ್ಷನ್ ಇದೆಯಲ್ಲ ಮಾಸ್ತರ್, ಬಿಪಿಎಲ್‌ಗೆ ಬರಲ್ಲ. ಮೊದಲು ಕಿವಿಯ ಗುಗ್ಗೆ ತೆಗೆಸಿ ನೋಡಿ. ಆಸ್ಪತ್ರೆಯಲ್ಲಿ ತೆಗೆಸಿ, ಹೇರ್‌ಪಿನ್ ಹಾಕಬೇಡಿ.